ದಫ್ ಬಾರಿಸುವವನ ಕಿವಿಗೂ ಬೆಲೆ ಇರಲಿ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅಕ್ಕನ ಮಗ ಅಂಗಡಿಗೆ ಬಂದು ಗಲ್ಲಾಪೆಟ್ಟಿಗೆಯ ಪಕ್ಕ ಸುಮ್ಮನೆ ನಿಂತ. 17 ವರ್ಷದ ಹುಡುಗ, ಸುಮ್ಮನೆ ನಿಲ್ಲುವವನೇ ಅಲ್ಲ. “ಎಂತ ಆಯ್ತು ಮೋನೆ?” ಅಂತ ಕೇಳಿದೆ. “ಮಾಮ, ನಿನ್ನೆಯಿಂದ ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಆಗ್ತಾ ಉಂಟು. ನಿಲ್ಲುವುದೇ ಇಲ್ಲ” ಅಂದ.

ಹಿಂದಿನ ದಿನ ಅವನ ದಫ್ ತಂಡ ಒಂದು ಸ್ಟುಡಿಯೋಗೆ ಹೋಗಿತ್ತು. ಸಂಬಂಧಿಕರ ಮನೆಯ ಮದುವೆಗೆ ಮದುಮಗ ಮದುಮಗಳ ಹೆಸರು ಹಾಕಿ ಹಾಡು ಮಾಡಿಸುವುದು ಈಗ ನಮ್ಮಲ್ಲಿ ಮಾಮೂಲಿ ಆಗಿದೆಯಲ್ಲ, ಅಂಥದ್ದೇ ಒಂದು ಹಾಡು. ಬೆಳಿಗ್ಗೆ ಹತ್ತಕ್ಕೆ ಕೂತವರು ಎದ್ದದ್ದು ಅಸರ್ ಹೊತ್ತಿಗೆ. ಹಾಡುವವನಿಗೆ ಒಳ್ಳೆಯ ಮೈಕ್, ಒಳ್ಳೆಯ ಹೆಡ್‌ಫೋನ್. ದಫ್ ಬಾರಿಸುವವನಿಗೆ ಮೊಬೈಲಿನ ಜೊತೆ ಪುಕ್ಕಟೆ ಬರುವ ಇಯರ್‌ಫೋನ್. ತಾಳ ಹಿಡಿಯಲು ಅದರಲ್ಲಿ ಬರುವ ‘ಟಿಕ್ ಟಿಕ್’ ಕ್ಲಿಕ್ ಶಬ್ದ ದಫ್ ಶುರುವಾದ ಕೂಡಲೇ ಮುಳುಗಿಹೋಗುತ್ತಿತ್ತು. “ಕೇಳುವುದಿಲ್ಲ” ಅಂತ ಇವನು ಹೇಳಿದಾಗಲೆಲ್ಲ ಅವರು ವಾಲ್ಯೂಮ್ ಏರಿಸಿದರು. ಸಂಜೆಯಾಗುವಾಗ ಗುಬುಟು ಕೊನೆಯವರೆಗೆ ತಿರುಗಿತ್ತು.

ಹಾಡು ಚೆನ್ನಾಗಿ ಬಂತು. ಮದುವೆಯಲ್ಲಿ ಎಲ್ಲರೂ ಮೆಚ್ಚಿದರು. ಅವನ ಕಿವಿಯ ಜೀರುಂಡೆ ಮಾತ್ರ ಮೂರನೆಯ ದಿನ ನಿಂತಿತು. ಈ ಸಲ ನಿಂತಿತು ಅನ್ನುವುದಷ್ಟೇ ನಮ್ಮ ಭಾಗ್ಯ.

ನಾನು ಡಾಕ್ಟರಲ್ಲ, ಸಂಗೀತಗಾರನೂ ಅಲ್ಲ. ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿ, ಈಗ ಉಪ್ಪನ ಅಂಗಡಿ ನೋಡಿಕೊಂಡು, ಸಂಜೆ ಅಂಗಡಿಯ ಮಹಡಿಯ ಕೋಣೆಯಲ್ಲಿ ಊರಿನ ಮಕ್ಕಳ ದಫ್ ರೆಕಾರ್ಡ್ ಮಾಡಿಕೊಡುವವನು. ಆದರೆ ಕಿವಿ ಹೋದರೆ ಏನಾಗುತ್ತದೆ ಅನ್ನುವುದನ್ನು ದಿನಾ ನೋಡುತ್ತೇನೆ. ನಮ್ಮ ಅಂಗಡಿಯ ಹಿಂದೆ ಮೆಣಸು, ಅಕ್ಕಿ ಹುಡಿ ಮಾಡುವ ಮಿಲ್ಲಿತ್ತು. ಉಪ್ಪ ಮೂವತ್ತು ವರ್ಷ ಅದರ ಪಕ್ಕದಲ್ಲೇ ನಿಂತವರು. ಈಗ ಗಿರಾಕಿ “ಕಾಲ್ ಕಿಲೋ” ಅಂದರೆ ಉಪ್ಪ “ನಾಲ್ ಕಿಲೋ” ಅಂತ ಸಾಸಿವೆ ತೂಗಿಡುತ್ತಾರೆ. ಗಿರಾಕಿ ನಗುತ್ತಾರೆ, ಉಪ್ಪನೂ ನಗುತ್ತಾರೆ. ಅಂಗಡಿ ಮುಚ್ಚಿದ ಮೇಲೆ ಅವರು ನಗುವುದಿಲ್ಲ. ಮನೆಯಲ್ಲಿ ನಾಲ್ಕು ಜನ ಕೂತು ಮಾತಾಡುವಾಗ ಎದ್ದು ಹೊರಗೆ ಜಗಲಿಗೆ ಹೋಗುತ್ತಾರೆ.

ಡಿಪ್ಲೊಮಾದಲ್ಲಿ ನನಗೆ ಕಾರ್ಖಾನೆಯ ಸುರಕ್ಷತೆಯ ಪಾಠ ಇತ್ತು. ಯಂತ್ರದ ಸದ್ದು, ಕಿವಿಗೆ ಹಾಕುವ ಮಫ್, ಎಲ್ಲ ಬರೆದು ಮಾರ್ಕ್ ತೆಗೆದುಕೊಂಡೆ. ಸಂಜೆ ಬಸ್ಸಿಳಿದು ಅದೇ ಮಿಲ್ಲಿನ ಮುಂದೆ ಉಪ್ಪನ ಕೈಯಿಂದ ಚಾ ಕುಡಿದೆ. ಒಂದು ಜೊತೆ ಮಫ್ ತಂದುಕೊಡಬೇಕು ಅಂತ ತೋಚಲಿಲ್ಲ. ಅದಕ್ಕೇ ಈ ವಿಷಯದಲ್ಲಿ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡುತ್ತೇನೆ.

ಮೊದಲು ಲೆಕ್ಕ ನೋಡೋಣ. ಕೆಲಸಗಾರರ ಆರೋಗ್ಯದ ಬಗ್ಗೆ ಸಂಶೋಧನೆ ಮಾಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆಯ ಶಿಫಾರಸು ಹೀಗಿದೆ: 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದು. ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದ ಹಾಗೆ ಸಮಯ ಅರ್ಧ ಆಗುತ್ತದೆ. 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ, 94ಕ್ಕೆ 1 ಗಂಟೆ, 97ಕ್ಕೆ ಅರ್ಧ ಗಂಟೆ, 100ಕ್ಕೆ ಕಾಲು ಗಂಟೆ. 3 ಡೆಸಿಬೆಲ್ ಕೇಳಲು ಸಣ್ಣ ಅಂಕೆ. ಆದರೆ ಅಷ್ಟು ಏರಿದರೆ ಶಬ್ದದ ಶಕ್ತಿ ಎರಡು ಪಟ್ಟು ಆಗುತ್ತದೆ, ಅದಕ್ಕೇ ಸಮಯ ಅಷ್ಟು ಬೇಗ ಕರಗುವುದು. ಒಳಕಿವಿಯಲ್ಲಿ ಶಬ್ದ ಹಿಡಿಯುವ ಕೂದಲಿನಂಥ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಹೋಗುವುದು ಎತ್ತರದ ಸ್ವರಗಳು. ಮಾತಿನಲ್ಲಿ ಸ, ಶ, ತ, ಕ ಅಂಥ ಅಕ್ಷರಗಳು ಅಲ್ಲೇ ಇರುವುದು. ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಕಾಲು ನಾಲ್ಕಾಗುವುದು ಹೀಗೆ.

ದಫ್ ಅಂದರೆ ಆಟದ ಸಾಮಾನಲ್ಲ. ಮರದ ಬಳೆಗೆ ಬಿಗಿದ ಆಡಿನ ಚರ್ಮ, ಎದೆಯ ಮುಂದೆ ಹಿಡಿದು ಬಾರಿಸುವಾಗ ಕಿವಿಗೆ ಒಂದು ಮೊಳ ದೂರ ಸಹ ಇರುವುದಿಲ್ಲ. ನಮ್ಮ ಮಹಡಿಯಲ್ಲಿ ಎಂಟು ಮಂದಿ ಒಟ್ಟಿಗೆ ಬಾರಿಸಿದಾಗ ನನ್ನ ಮೊಬೈಲಿನ ಆ್ಯಪ್ 95ರ ಆಸುಪಾಸು ತೋರಿಸಿತು. ಮೊಬೈಲಿನ ಅಳತೆ ತಕ್ಕಡಿಯಷ್ಟು ಕರಾರುವಾಕ್ಕಲ್ಲ, ಆದರೂ ಅಂದಾಜಿಗೆ ಸಾಕು. ಡ್ರಮ್ ಸೆಟ್ಟಿನ ಹಿಂದೆ ಕೂತವನ ಪಾಡೂ ಇದಕ್ಕಿಂತ ಸುಖದ್ದಲ್ಲ. ಈಗ ಯೋಚಿಸಿ: ಹೊರಗಿನ ಸದ್ದು ತಡೆಯದ ಇಯರ್‌ಫೋನ್ ಹಾಕಿ, ಆ 95ರ ಮೇಲೆ ಕ್ಲಿಕ್ ಕೇಳಬೇಕಾದರೆ ಅದನ್ನು 100ರ ಹತ್ತಿರ ಏರಿಸಬೇಕು. ಕಾಲು ಗಂಟೆಯಲ್ಲಿ ದಿನದ ಪಾಲು ಮುಗಿಯಿತು. ನಮ್ಮ ಹುಡುಗ ಕೂತದ್ದು ಐದಾರು ಗಂಟೆ.

ನಾನು ಹೇಳಬೇಕೆಂದಿರುವುದು ಇಷ್ಟೇ. ಬಾರಿಸುವವನು “ಇನ್ನೂ ಜೋರು ಮಾಡಿ” ಅಂದರೆ ಅದು ವಾಲ್ಯೂಮ್ ಕಡಿಮೆ ಇದೆ ಅನ್ನುವ ಸೂಚನೆಯಲ್ಲ. ಹೆಡ್‌ಫೋನ್ ತಪ್ಪಿದೆ ಅಥವಾ ಅದರೊಳಗೆ ಕೊಟ್ಟ ಮಿಶ್ರಣ ತಪ್ಪಿದೆ ಅನ್ನುವ ಸೂಚನೆ. ಎಂಜಿನ್ ಬಿಸಿಯಾದರೆ ಗೇಜನ್ನು ಮುಚ್ಚಿಡುತ್ತೇವೆಯೇ? ಕಾರಣ ಹುಡುಕುತ್ತೇವೆ.

ಹೆಡ್‌ಫೋನ್ ವಿಷಯ. ಅಂಗಡಿಯಲ್ಲಿ ಎರಡು ಬಗೆ ಸಿಗುತ್ತದೆ: ಬೆನ್ನು ತೆರೆದದ್ದು, ಬೆನ್ನು ಮುಚ್ಚಿದ್ದು. ತೆರೆದದ್ದರಲ್ಲಿ ಹಾಡು ಕೇಳಲು ಬಹಳ ಚಂದ, ಗಾಳಿಯಾಡಿದ ಹಾಗೆ ಇರುತ್ತದೆ. ಆದರೆ ಹೊರಗಿನ ದಫ್ ಒಳಗೆ ಬರುತ್ತದೆ, ಒಳಗಿನ ಕ್ಲಿಕ್ ಹೊರಗೆ ಹೋಗಿ ಮೈಕಿಗೆ ಸೇರುತ್ತದೆ. ಬಾರಿಸುವವನಿಗೆ ಅದು ಆಗುವುದಿಲ್ಲ. ಅವನಿಗೆ ಬೇಕಾದದ್ದು ಬೆನ್ನು ಮುಚ್ಚಿದ, ಕಿವಿಯನ್ನು ಪೂರ್ತಿ ಸುತ್ತುವ ಬಗೆ. ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಕಾಣುವ ಸೋನಿ ಎಂಡಿಆರ್ 7506, ಆಡಿಯೋ ಟೆಕ್ನಿಕಾ ಎಂ50ಎಕ್ಸ್, ಬೇಯರ್‌ಡೈನಾಮಿಕ್ ಡಿಟಿ 770, ಸೆನ್‌ಹೈಸರ್ ಎಚ್‌ಡಿ 280 ಪ್ರೊ ಎಲ್ಲವೂ ಈ ಬಗೆಯವೇ. ಇವುಗಳಲ್ಲಿ ನನ್ನ ಆಯ್ಕೆ ಎಚ್‌ಡಿ 280. ಹೊರಗಿನ ಸದ್ದನ್ನು 32 ಡೆಸಿಬೆಲ್‌ವರೆಗೆ ಇಳಿಸುತ್ತದೆ ಎಂದು ತಯಾರಕರು ಹೇಳುತ್ತಾರೆ. ಅದು ಎತ್ತರದ ಸ್ವರಗಳ ಮಾತು, ತಗ್ಗಿನ ಗುಮ್ಮು ಅಷ್ಟು ನಿಲ್ಲುವುದಿಲ್ಲ. ತಲೆಯನ್ನು ಗಟ್ಟಿ ಹಿಡಿಯುತ್ತದೆ, ಒಂದು ಗಂಟೆಯಲ್ಲಿ ಕಿವಿ ಬೆವರುತ್ತದೆ. ಆದರೆ ಆ ಗಟ್ಟಿ ಹಿಡಿತವೇ ನಮಗೆ ಬೇಕಾದದ್ದು. 95ರಿಂದ 20 ಕಳೆದರೂ ಕಿವಿಗೆ ತಲುಪುವ ದಫ್ 75. ಆಗ ಕ್ಲಿಕ್ 80ರಲ್ಲಿದ್ದರೂ ಸ್ಪಷ್ಟವಾಗಿ ಕೇಳುತ್ತದೆ. 80 ಡೆಸಿಬೆಲ್ ವಾರಕ್ಕೆ 40 ಗಂಟೆ ಕೇಳಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ.

ಡ್ರಮ್ ಬಾರಿಸುವವರಿಗೆಂದೇ ಕಾರ್ಖಾನೆಯ ಮಫ್‌ನೊಳಗೆ ಸ್ಪೀಕರ್ ಕೂರಿಸಿದಂಥ ಹೆಡ್‌ಫೋನನ್ನು ವಿಕ್ ಫರ್ತ್ ಕಂಪೆನಿ ಮಾಡುತ್ತದೆ. ಕಿವಿಯ ಒಳಗೆ ಬೂಚಿನ ಹಾಗೆ ಕೂರುವ ಶ್ಯೂರ್ ಎಸ್‌ಇ215 ಕೂಡ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ತಲೆ ಅಲ್ಲಾಡಿಸಿ ಬಾಗಿ ಬಾರಿಸುವ ದಫ್‌ನವರಿಗೆ ಬೀಳುವ ಭಯವೂ ಇಲ್ಲ. ಆದರೆ ಅದರ ಬೂಚು ಪ್ರತಿಯೊಬ್ಬನ ಕಿವಿಯ ಅಳತೆಗೆ ಬೇರೆ ಬೇಕು, ಒಬ್ಬರದ್ದನ್ನು ಇನ್ನೊಬ್ಬರು ಹಾಕಬಾರದು.

ಹೆಡ್‌ಫೋನಿನ ಸುತ್ತಿನ ಮೆತ್ತೆಯನ್ನು ನಾನು ಗ್ಯಾಸ್ಕೆಟ್ ಅಂತ ತಿಳಿಯುತ್ತೇನೆ. ಸಣ್ಣ ಸಂದು ಬಿದ್ದರೂ ಸೋರುತ್ತದೆ. ತೊಪ್ಪಿಯ ಅಂಚು ಕಿವಿಯ ಮೇಲೆ ಬಂದರೆ, ತಲೆಗೆ ಕಟ್ಟಿದ ಲೇಸು ಅಡ್ಡ ಬಂದರೆ, ದಪ್ಪ ಕಡ್ಡಿಯ ಕನ್ನಡಕವಿದ್ದರೆ ಮುದ್ರೆ ಬಿಡುತ್ತದೆ. ತೊಪ್ಪಿಯನ್ನು ಸ್ವಲ್ಪ ಹಿಂದೆ ಸರಿಸಿದರೆ ಆಯಿತು. ಸಿಪ್ಪೆ ಎದ್ದ ಮೆತ್ತೆಯನ್ನು ಬದಲಿಸಿ, ಇಡೀ ಹೆಡ್‌ಫೋನ್ ಬದಲಿಸಬೇಕಾಗಿಲ್ಲ. ವಯರನ್ನು ಮುಂದೆ ಬಿಡದೆ ಬೆನ್ನ ಹಿಂದಿನಿಂದ ತಂದು ಅಂಗಿಯ ಕಾಲರಿಗೆ ಕ್ಲಿಪ್ ಹಾಕಿ. ಇಲ್ಲದಿದ್ದರೆ ದಫ್‌ಗೆ ಸಿಕ್ಕಿ ಎಳೆಯುತ್ತದೆ.

“ವಯರಿನ ಗೋಳೇ ಬೇಡ, ದುಬಾಯಿಯಿಂದ ಕಾಕ ತಂದ ಬ್ಲೂಟೂತ್ ಉಂಟಲ್ಲ” ಅನ್ನುವವರಿಗೆ ಒಂದು ಮಾತು. ಬ್ಲೂಟೂತ್‌ನಲ್ಲಿ ಶಬ್ದ ಕಿವಿಗೆ ಬರುವಾಗ ಸಾಮಾನ್ಯವಾಗಿ 100ರಿಂದ 200 ಮಿಲಿಸೆಕೆಂಡ್ ತಡ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ. 150 ಮಿಲಿಸೆಕೆಂಡ್ ತಡ ಅಂದರೆ ನೀವು ಅಂಗಳದಲ್ಲಿ ಬಾರಿಸುತ್ತಿದ್ದೀರಿ, ಹಾಡುವವನು 50 ಮೀಟರ್ ದೂರ ಗದ್ದೆಯ ಆಚೆ ನಿಂತಿದ್ದಾನೆ. ನಿಮಿಷಕ್ಕೆ 120ರ ಗತಿಯಲ್ಲಿ ಒಂದು ತಾಳಕ್ಕೆ 500 ಮಿಲಿಸೆಕೆಂಡ್, ಅದರ ಕಾಲು ಭಾಗ 125. ಅಂದರೆ ಕಾಲು ತಾಳ ಹಿಂದೆ ಬೀಳುತ್ತೀರಿ. ಬ್ಲೂಟೂತ್ ಬಸ್ಸಿನಲ್ಲಿ ಹಾಡು ಕೇಳಲಿಕ್ಕೆ ಇರಲಿ.

ವಯರಿದ್ದರೂ ಕಂಪ್ಯೂಟರಿನ ಬಫರ್ ದೊಡ್ಡದಿದ್ದರೆ ಇದೇ ತೊಂದರೆ. 48,000 ಸ್ಯಾಂಪಲ್ ವೇಗದಲ್ಲಿ 1024ರ ಬಫರ್ ಅಂದರೆ ಒಂದು ದಿಕ್ಕಿಗೇ 21 ಮಿಲಿಸೆಕೆಂಡ್, 128 ಇಟ್ಟರೆ 3ಕ್ಕಿಂತ ಕಡಿಮೆ. ರೆಕಾರ್ಡ್ ಮಾಡುವಾಗ ಚಿಕ್ಕದಿಡಿ. ಸ್ಕಾರ್ಲೆಟ್‌ನಂಥ ಪೆಟ್ಟಿಗೆಯಲ್ಲಿ ಡೈರೆಕ್ಟ್ ಮಾನಿಟರ್ ಅನ್ನುವ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಮೈಕಿನ ಶಬ್ದ ಕಂಪ್ಯೂಟರ್ ಸುತ್ತಿ ಬರದೆ ನೇರ ಕಿವಿಗೆ ಬರುತ್ತದೆ.

ಇನ್ನು ಒಳಗೆ ಏನು ಕೊಡಬೇಕು ಅನ್ನುವುದು. ಹಾಡುವವನಿಗೆ ಮಾಡಿದ ಮಿಶ್ರಣವನ್ನೇ ಬಾರಿಸುವವನಿಗೂ ಕೊಡುವುದು ನಮ್ಮ ಕಡೆಯ ದೊಡ್ಡ ತಪ್ಪು. ಹಾಡುವವನಿಗೆ ತನ್ನ ಸ್ವರ, ಸ್ವಲ್ಪ ಪ್ರತಿಧ್ವನಿ, ಕೀಬೋರ್ಡ್ ಬೇಕು. ಬಾರಿಸುವವನಿಗೆ ಮೊದಲು ಮುಖ್ಯ ಹಾಡುಗಾರನ ಮಾತು ಸ್ಪಷ್ಟ ಕೇಳಬೇಕು, ಯಾಕೆಂದರೆ ದಫ್ ಹೋಗುವುದು ಹಾಡಿನ ಸಾಲನ್ನು ಹಿಡಿದು. ಆಮೇಲೆ ಕ್ಲಿಕ್. ಆಮೇಲೆ ಶ್ರುತಿ ಹಿಡಿಯಲು ಬೇಕಾದಷ್ಟೇ ಕೀಬೋರ್ಡ್. ಕೊನೆಗೆ ಅವನದ್ದೇ ದಫ್, ಸ್ವಲ್ಪ. ಇದನ್ನು ಮರೆಯಬೇಡಿ. ಮುಚ್ಚಿದ ಹೆಡ್‌ಫೋನ್ ಹಾಕಿದಾಗ ಅವನ ಪೆಟ್ಟು ಅವನಿಗೇ ಮಂಕಾಗಿ ಕೇಳುತ್ತದೆ, ಗೊತ್ತಿಲ್ಲದೆ ಜೋರಾಗಿ ಹೊಡೆಯುತ್ತಾನೆ. ಬೆರಳು ನೋಯುತ್ತದೆ, ದಫ್‌ನ ದನಿಯೂ ಒರಟಾಗುತ್ತದೆ. ಡ್ರಮ್ ಸೆಟ್ ಬಾರಿಸುವವನಿಗೆ ಬೇಸ್ ಗಿಟಾರನ್ನೂ ಅವನದ್ದೇ ಕಿಕ್ಕನ್ನೂ ಸ್ವಲ್ಪ ಮುಂದೆ ತರಬೇಕು.

ಕ್ಲಿಕ್ ಶಬ್ದ ಯಾವುದು ಅನ್ನುವುದೂ ಮುಖ್ಯ. ಕಂಪ್ಯೂಟರಿನ ‘ಬೀಪ್’ ಕಿವಿಗೆ ಮುಳ್ಳು. ಕಟ್ಟಿಗೆಗೆ ಕಟ್ಟಿಗೆ ಬಡಿದಂಥ ಶಬ್ದ ಇಟ್ಟರೆ ಕಡಿಮೆ ವಾಲ್ಯೂಮಿನಲ್ಲೇ ದಫ್‌ನ ನಡುವಿನಿಂದ ಎದ್ದು ಕೇಳುತ್ತದೆ. ಹಾಡು ಮುಗಿದು ಕೊನೆಯ ಪೆಟ್ಟು ಗಾಳಿಯಲ್ಲಿ ಕರಗುವಾಗ ಕ್ಲಿಕ್ ನಿಲ್ಲಿಸಿ, ಇಲ್ಲದಿದ್ದರೆ ಆ ಮೌನದಲ್ಲಿ ಅದು ಮೈಕಿಗೆ ಸಿಕ್ಕಿಬೀಳುತ್ತದೆ. ಒಂದು ಕಿವಿ ತೆರೆದಿಟ್ಟು ಬಾರಿಸುವ ಅಭ್ಯಾಸ ಹಲವರಿಗೆ ಉಂಟು. ಆಗ ಮುಚ್ಚಿದ ಕಿವಿಗೆ ಹೆಚ್ಚು ಜೋರು ಬೇಕಾಗುತ್ತದೆ, ತೆರೆದ ಬದಿಯಿಂದ ಕ್ಲಿಕ್ ಸೋರುತ್ತದೆ. ಬಿಡಲಿಕ್ಕೇ ಆಗದಿದ್ದರೆ ಆ ಬದಿಯ ಶಬ್ದವನ್ನು ಪೂರ್ತಿ ನಿಲ್ಲಿಸಿ, ಬಟ್ಟಲನ್ನು ಕಿವಿಯ ಹಿಂದೆ ತಲೆಗೆ ಒತ್ತಿ ಕೂರಿಸಿ.

ಒಂದು ಹೆಜ್ಜೆ ಮುಂದೆ ಹೋಗಿ ಕೇಳುತ್ತೇನೆ: ದಫ್‌ಗೆ ಕ್ಲಿಕ್ ಬೇಕೇ? ನಮ್ಮ ದಫ್ ಮೆಲ್ಲ ಶುರುವಾಗಿ ಏರುತ್ತ ಹೋಗುವಂಥದ್ದು. ಒಬ್ಬರ ಭುಜ ಇನ್ನೊಬ್ಬರು ನೋಡಿ, ಒಂದೇ ಉಸಿರಿನಲ್ಲಿ ಬಾಗಿ ಏಳುವಂಥದ್ದು. ಅದಕ್ಕೆ ಒಂದೇ ಗತಿಯ ಕ್ಲಿಕ್ ಕಟ್ಟಿದರೆ ಓಡುವ ಕುದುರೆಗೆ ಗೂಟ ಹೊಡೆದ ಹಾಗೆ. ಬರೀ ಹಾಡು ಮತ್ತು ದಫ್ ಇದ್ದರೆ ಕ್ಲಿಕ್ ಬಿಡಿ. ಶುರುವಿನ ಗತಿಯನ್ನು ನಾಲ್ಕು ಸಲ ಕೇಳಿಸಿ, ಎಲ್ಲರನ್ನೂ ಮುಖ ನೋಡುವ ಹಾಗೆ ಕೂರಿಸಿ ರೆಕಾರ್ಡ್ ಮಾಡಿ. ಹೆಡ್‌ಫೋನೇ ಬೇಡ. ಕೀಬೋರ್ಡ್ ಮೊದಲೇ ಹಾಕಿದ್ದರೆ ಮಾತ್ರ ಕ್ಲಿಕ್ ಬೇಕಾಗುತ್ತದೆ. ಆಗ ಉಸ್ತಾದರು ಬಾರಿಸುವುದನ್ನು ಮೊದಲು ಒಮ್ಮೆ ಮೊಬೈಲಿನಲ್ಲಿ ಹಿಡಿದು, ಎಲ್ಲಿ ಎಷ್ಟು ಏರುತ್ತದೆ ನೋಡಿ, ಕ್ಲಿಕ್ಕನ್ನೂ ಹಾಗೇ ಏರಿಸಿಕೊಳ್ಳಿ. ಎಂಟೂ ಮಂದಿಗೆ ಹೆಡ್‌ಫೋನ್ ಬೇಕಾಗಿಲ್ಲ. ಮುಂದಾಳಿಗೆ, ಅವನ ಎದುರಿನವನಿಗೆ ಇದ್ದರೆ ಸಾಕು. ಉಳಿದವರು ಅವರ ಕೈ ನೋಡಿ ಬಾರಿಸುತ್ತಾರೆ, ಹಿಂದಿನಿಂದಲೂ ಹಾಗೇ ಅಲ್ಲವೇ?

ಇಬ್ಬರಿಗೆ ಕೊಡುವಾಗ ವೈ ಆಕಾರದ ಅಗ್ಗದ ಪಿನ್ ಹಾಕಿ ಹಂಚಬೇಡಿ. ಹೆಡ್‌ಫೋನಿನ ಓಮ್ ಬೇರೆ ಬೇರೆ ಇದ್ದರೆ ಒಬ್ಬನಿಗೆ ಕಿವಿ ಹರಿಯುತ್ತದೆ, ಇನ್ನೊಬ್ಬನಿಗೆ ಕೇಳುವುದೇ ಇಲ್ಲ. ಒಬ್ಬನಿಗಾಗಿ ಏರಿಸಿದ್ದು ಇಬ್ಬರಿಗೂ ಏರುತ್ತದೆ. ಬೆಹ್ರಿಂಗರ್ ಎಚ್‌ಎ400ನಂಥ ನಾಲ್ಕು ಜನರ ಚಿಕ್ಕ ಆಂಪ್ಲಿಫಯರ್ ಸಿಗುತ್ತದೆ, ಪ್ರತಿಯೊಬ್ಬರಿಗೂ ಬೇರೆ ಗುಬುಟು. ನಾನು ಮಾಡುವ ಕ್ರಮ ಇದು: ಎಲ್ಲ ಗುಬುಟು ಸೊನ್ನೆಗೆ ತಂದು, ತಂಡ ನಿಜವಾಗಿ ಬಾರಿಸುವಷ್ಟು ಜೋರಾಗಿಯೇ ಬಾರಿಸುವಾಗ ಮೊದಲು ಹಾಡು, ಆಮೇಲೆ ಕ್ಲಿಕ್ ಕೇಳುವಷ್ಟು ಮಾತ್ರ ಏರಿಸುವುದು. ಸರಿ ಅಂದ ಕೂಡಲೇ ಗುಬುಟಿಗೆ ಟೇಪ್ ಅಂಟಿಸುವುದು. ಮತ್ತೆ ಯಾರಿಗಾದರೂ ಕ್ಲಿಕ್ ಕೇಳದಿದ್ದರೆ ಉಳಿದದ್ದನ್ನು ಇಳಿಸುವುದು, ಕ್ಲಿಕ್ಕನ್ನು ಏರಿಸುವುದಲ್ಲ. ಮುಕ್ಕಾಲು ಗಂಟೆಗೊಮ್ಮೆ ಹತ್ತು ನಿಮಿಷ ಚಾ. ವಯರ್ ಚುಚ್ಚುವಾಗ, ತೆಗೆಯುವಾಗ ಹೆಡ್‌ಫೋನ್ ಕಿವಿಯಲ್ಲಿ ಇರಬಾರದು, ಆ ಒಂದು ‘ಫಟ್’ ಸಾಕು ಕೆಡಿಸಲಿಕ್ಕೆ.

ನನಗೆ ಬರುವ ಎರಡು ಆಕ್ಷೇಪ ಉಂಟು. ಹಿರಿಯರು ಹೇಳುತ್ತಾರೆ: “ನಾವು ನಲುವತ್ತು ವರ್ಷ ಬಾರಿಸಿದೆವು, ನಮಗೆ ಏನಾಯಿತು?” ನಿಜ. ಆದರೆ ನೀವು ಬಾರಿಸಿದ್ದು ತೆರೆದ ಅಂಗಳದಲ್ಲಿ, ಚಪ್ಪರದ ಕೆಳಗೆ. ಕಿವಿಯೊಳಗೆ ಸ್ಪೀಕರ್ ತುರುಕಿ, ಮುಚ್ಚಿದ ಸಣ್ಣ ಕೋಣೆಯಲ್ಲಿ ಅಲ್ಲ. ಸ್ಟುಡಿಯೋದವರು ಹೇಳುತ್ತಾರೆ: “ಪೆಟ್ಟು ಹಿಂದೆ ಮುಂದೆ ಆದರೆ ಕಂಪ್ಯೂಟರಿನಲ್ಲಿ ಸರಿ ಮಾಡುವ.” ಎಂಟು ದಫ್ ಒಂದೇ ಮೈಕಿನಲ್ಲಿ ಬಂದ ಮೇಲೆ ಒಂದನ್ನು ಮಾತ್ರ ಎಳೆದು ಸರಿಸುವುದು ಹೇಗೆ? ಬೆಂದ ಅನ್ನದಿಂದ ಉಪ್ಪು ತೆಗೆದ ಹಾಗೆ. ಸರಿಯಾಗಿ ಕೇಳಿದವನು ಸರಿಯಾಗಿ ಬಾರಿಸುತ್ತಾನೆ. ಕಿವಿ ಉಳಿಸುವುದೂ ಹಾಡು ಚೆನ್ನಾಗಿ ಬರುವುದೂ ಬೇರೆ ಬೇರೆ ಕೆಲಸ ಅಲ್ಲ.

ಕೊನೆಯ ಮಾತು ಹಣ ಕೊಡುವ ಮನೆಯವರಿಗೆ. ನಮ್ಮ ಮದುವೆಗಳಲ್ಲಿ ವೇದಿಕೆಯ ಹೂವಿಗೆ, ಡ್ರೋನ್ ಕ್ಯಾಮೆರಾಕ್ಕೆ ಎಷ್ಟು ಹೋಗುತ್ತದೆ ಅಂತ ನಿಮಗೆ ಗೊತ್ತು. ಹಾಡು ಮಾಡಿಸಲು ಹೋದಾಗ ಸ್ಟುಡಿಯೋದಲ್ಲಿ ಮೂರು ಪ್ರಶ್ನೆ ಕೇಳಿ. ದಫ್ ಮಕ್ಕಳಿಗೆ ಮುಚ್ಚಿದ ಹೆಡ್‌ಫೋನ್ ಉಂಟಾ? ಅವರಿಗೆ ಬೇರೆ ಮಿಶ್ರಣ ಕೊಡುತ್ತೀರಾ? ನಡುವೆ ವಿರಾಮ ಉಂಟಾ? ಇಲ್ಲ ಅಂದರೆ ಬೇರೆ ಸ್ಟುಡಿಯೋ ನೋಡಿ, ಅಥವಾ ತಂಡಕ್ಕೆ ಎರಡು ಒಳ್ಳೆಯ ಹೆಡ್‌ಫೋನ್ ಕೊಡಿಸಿ. ಮದುವೆಯ ಹೂವು ಮರುದಿನ ಬಾಡುತ್ತದೆ, ಇದು ವರ್ಷಗಟ್ಟಲೆ ಬಾಳುತ್ತದೆ. ತಂದೆ ತಾಯಿಗಳೇ, ಮಗ ರೆಕಾರ್ಡಿಂಗ್ ಮುಗಿಸಿ ಬಂದ ರಾತ್ರಿ “ಕಿವಿಯಲ್ಲಿ ಏನಾದರೂ ಕೂಗುತ್ತದಾ? ನಮ್ಮ ಮಾತು ಹತ್ತಿ ಇಟ್ಟ ಹಾಗೆ ಕೇಳುತ್ತದಾ?” ಅಂತ ಕೇಳಿ. ಹೌದು ಅಂದರೆ ಅವನನ್ನು ಕೆಲವು ದಿನ ಸದ್ದಿನಿಂದ ದೂರ ಇಡಿ. ಒಂದೆರಡು ದಿನದಲ್ಲಿ ನಿಲ್ಲದಿದ್ದರೆ ಕಿವಿ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿ, ಕಿವಿಗೆ ಎಣ್ಣೆ ಬಿಡಬೇಡಿ.

ಅಕ್ಕನ ಮಗ ಈಗ ನಮ್ಮ ಮಹಡಿಯಲ್ಲಿ ಬಾರಿಸುತ್ತಾನೆ. ಮೊನ್ನೆ ಅವನಿಗೆ ಹೆಡ್‌ಫೋನ್ ಹಾಕಿ ಗುಬುಟಿಗೆ ಟೇಪ್ ಅಂಟಿಸುತ್ತಿದ್ದೆ. ಉಪ್ಪ ಮೆಟ್ಟಿಲು ಹತ್ತಿ ಬಂದು ನೋಡಿದರು. “ಇದು ಎಂಥದ್ದು?” ಅಂತ ಕೇಳಿದರು. “ಸದ್ದು ಒಳಗೆ ಹೋಗದ ಹಾಗೆ” ಅಂದೆ. ಕೇಳಲಿಲ್ಲ. ಹತ್ತಿರ ಹೋಗಿ ಇನ್ನೊಮ್ಮೆ ಹೇಳಿದೆ. ಉಪ್ಪ ಹೆಡ್‌ಫೋನನ್ನು ಕೈಯಲ್ಲಿ ಹಿಡಿದು, ಮೆತ್ತೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಹುಡುಗನ ತಲೆಗೆ ಅವರೇ ಹಾಕಿದರು. ತೊಪ್ಪಿಯ ಅಂಚನ್ನು ಸ್ವಲ್ಪ ಹಿಂದೆ ಸರಿಸಿದರು.